ಹಸು ಕಂದು ಹಾಕಿದ ಮೇಲೆ: ವೈರಸ್ ಪತ್ತೆಗೆ ಮಲೆನಾಡಿನ ಒಂದು ಕೊಟ್ಟಿಗೆ ಪಟ್ಟ ಪಾಡು

ತೀರ್ಥಹಳ್ಳಿ ಕಡೆಯ ಒಂದು ಕೊಟ್ಟಿಗೆಯಲ್ಲಿ ಈ ಸಲದ ಮಳೆಗಾಲದಲ್ಲಿ ಮೂರು ಹಸುಗಳು ಒಂದರ ಹಿಂದೊಂದು ಕಂದು ಹಾಕಿದವು, ಅಂದರೆ ದಿನ ತುಂಬುವ ಮೊದಲೇ ಗಬ್ಬ ಹೋಯಿತು. ಕಾರಣ ಐಬಿಆರ್ (ದನಗಳ ಮೂಗು, ಗಂಟಲಿಗೆ ತಗುಲಿ ಗಬ್ಬವನ್ನೂ ಕೆಡಿಸುವ ಸೋಂಕು) ವೈರಸ್ ಎಂಬ ವರದಿ ಕೈಗೆ ಬರುವಷ್ಟರಲ್ಲಿ ಗದ್ದೆಯಲ್ಲಿ ಭತ್ತ ಹೊಡೆ ತುಂಬಿತ್ತು. ಪ್ರಯೋಗಾಲಯದ ಕೆಲಸ ಅಷ್ಟು ದೀರ್ಘವೇನಲ್ಲ, ವೈರಸ್ಸಿನ ವಂಶವಾಹಿ ಹುಡುಕುವ ಪಿಸಿಆರ್ ಯಂತ್ರ ಕೆಲವೇ ಗಂಟೆಗಳಲ್ಲಿ ಉತ್ತರ ಕೊಡುತ್ತದೆ. ಹೊತ್ತು ಹೋಗುವುದೆಲ್ಲ ಅದರ ಹಿಂದೆ ಮುಂದೆ. ಸ್ಯಾಂಪಲ್ ಸಿಗುವುದಿಲ್ಲ, ಸಿಕ್ಕಿದ್ದು ದಾರಿಯಲ್ಲಿ ಕೊಳೆಯುತ್ತದೆ, ಬಂದ ಫಲಿತಾಂಶವನ್ನು ಅವಸರದಲ್ಲಿ ಓದಿ ಬೇರೆ ಅರ್ಥ ಮಾಡಿಕೊಳ್ಳುತ್ತಾರೆ. ಇದೇ ದಾರಿಯಲ್ಲಿ ಹೋಗಬೇಕಾದ ಇನ್ನೊಂದು ಮನೆಯವರಿಗೂ, ಹೊಸದಾಗಿ ಮಲೆನಾಡಿಗೆ ಬಂದ ಪಶುವೈದ್ಯರಿಗೂ ಉಪಯೋಗವಾಗಲಿ ಎಂದು ನಡೆದ ಕ್ರಮದಲ್ಲೇ ಬರೆದಿದ್ದೇನೆ.

ಕೊಟ್ಟಿಗೆಯಲ್ಲಿ ಇದ್ದದ್ದು ಎಚ್‌ಎಫ್ ಮತ್ತು ಜರ್ಸಿ ಮಿಶ್ರತಳಿಯ ಹಸುಗಳು, ಜೊತೆಗೆ ಬೆಟ್ಟಕ್ಕೆ ಮೇಯಲು ಹೋಗಿಬರುವ ಕೆಲವು ಮಲೆನಾಡು ಗಿಡ್ಡ. ಮೊದಲು ಕಂದು ಹಾಕಿದ್ದು ಆರು ತಿಂಗಳು ತುಂಬಿದ್ದ ಎಚ್‌ಎಫ್ ಹಸು. ಬೆಳಗಿನ ಜಾವ ಹಾಲು ಕರೆಯಲು ಹೋದವರ ಕಣ್ಣಿಗೆ ಬಿತ್ತು. ಆಸ್ಪತ್ರೆಗೆ ಸುದ್ದಿ ಮುಟ್ಟುವಷ್ಟರಲ್ಲಿ ಸತ್ತ ಕರು ಗೊಬ್ಬರಗುಂಡಿ ಸೇರಿತ್ತು, ಮಾಸನ್ನು ಹುಲ್ಲಿನಲ್ಲಿ ಸುತ್ತಿ ಮರಕ್ಕೆ ಕಟ್ಟಿಯಾಗಿತ್ತು. “ನೆಲ ಪಾಚಿ ಕಟ್ಟಿದೆ ಡಾಕ್ಟ್ರೇ, ರಾತ್ರಿ ಎಲ್ಲೋ ಜಾರಿ ಬಿದ್ದಿರಬೇಕು” ಎಂದರು ಮನೆಯ ಅಮ್ಮ. ಎಲ್ಲ ಮನೆಗಳಲ್ಲೂ ಮೊದಲು ಬರುವ ಮಾತು ಇದೇ. ನಿಜವಾಗಿ ನೋಡಿದರೆ ಜಾರಿ ಬಿದ್ದೋ ಇನ್ನೊಂದು ದನ ಹಾಯ್ದೋ ಗಬ್ಬ ಹೋಗುವುದು ಅಪರೂಪ. ದೊಡ್ಡ ಹಿಂಡಿನಲ್ಲಿ ವರ್ಷಕ್ಕೆ ನೂರಕ್ಕೆ ಮೂರರಿಂದ ಐದು ಮೀರಿದರೆ ತನಿಖೆ ಮಾಡಬೇಕು ಎಂಬ ಲೆಕ್ಕವಿದೆ. ಹತ್ತು ಹದಿನೈದು ಹಸು ಇರುವ ಮನೆಗೆ ಆ ಶೇಕಡಾ ಲೆಕ್ಕ ಹೊಂದುವುದಿಲ್ಲ. ಅಂಥ ಕಡೆ ನನ್ನ ಸಲಹೆ ಇಷ್ಟೇ: ಒಂದು ಹೋದರೂ ಸ್ಯಾಂಪಲ್ ತೆಗೆಯಿರಿ, ಎರಡನೆಯದು ಹೋದರೆ ಒಂದು ದಿನವೂ ಕಾಯಬೇಡಿ.

ಕರು ಕೈಗೆ ಸಿಗದಿದ್ದರೂ ತಾಯಿಯಿಂದ ಸಿಗುವುದನ್ನು ಬಿಡಬಾರದು. ಆ ದಿನವೇ ಹಸುವಿನ ರಕ್ತ ತೆಗೆದೆವು. ಕೆಂಪು ಮುಚ್ಚಳದ ಕೊಳವೆಯಲ್ಲಿ ಸೀರಂಗೆ, ನೇರಳೆ ಮುಚ್ಚಳದ ಇಡಿಟಿಎ ಕೊಳವೆಯಲ್ಲಿ ಪಿಸಿಆರ್‌ಗೆ ಮತ್ತು ಗಾಜಿನ ಮೇಲೆ ಹಚ್ಚಿ ನೋಡುವ ರಕ್ತಲೇಪಕ್ಕೆ. ಕೆಂಪು ಕೊಳವೆಯನ್ನು ಹೆಪ್ಪುಗಟ್ಟಲು ಓರೆಯಾಗಿ ಇಟ್ಟು, ಮೇಲೆ ನಿಂತ ಹಳದಿ ಸೀರಂ ಅನ್ನು ಬೇರೆ ಸಣ್ಣ ಕೊಳವೆಗೆ ತೆಗೆದ ಮೇಲೆಯೇ ಫ್ರೀಜರ್‌ಗೆ ಇಡಬೇಕು. ರಕ್ತವನ್ನು ಹಾಗೆಯೇ ಫ್ರೀಜ್ ಮಾಡಿದರೆ ಕೆಂಪುಕಣ ಒಡೆದು ಸೀರಂ ಕೆಂಪಾಗುತ್ತದೆ, ಎಲಿಸಾ ಎಂಬ ಪರೀಕ್ಷೆಯಲ್ಲಿ ಅಂಥ ಸೀರಂ ನಂಬಿಕೆಗೆ ಬಾರದು. ಕೊಳವೆಯ ಮೇಲೆ ಕಿವಿಯೋಲೆಯ 12 ಅಂಕಿ ಮತ್ತು ತಾರೀಖನ್ನು ನೀರಿಗೆ ಅಳಿಸದ ಪೆನ್ನಿನಲ್ಲಿ ಬರೆಯಬೇಕು. “ಕೆಂಪಿ”, “ಗೌರಿ” ಎಂದಷ್ಟೇ ಬರೆದು ಕಳಿಸಿದ ಕೊಳವೆಗಳು ಮೂರು ವಾರದ ನಂತರ ಎರಡನೇ ಕೊಳವೆ ಬಂದಾಗ ಗುರುತು ಹತ್ತುವುದಿಲ್ಲ.

ಎರಡನೇ ಹಸು ಕಂದು ಹಾಕಿದ್ದು ಕೆಲವು ವಾರಗಳ ಮೇಲೆ, ಸುರಿವ ಮಳೆಯಲ್ಲಿ. ಈ ಸಲ ಮನೆಯವರು ಕೂಡಲೇ ಫೋನ್ ಮಾಡಿದರು. ಗುಂಡಿಗೆ ಹಾಕದೆ, ನಾಯಿ ಮುಟ್ಟದಂತೆ ಬುಟ್ಟಿ ಕವುಚಿ ಇಟ್ಟಿದ್ದರು. ಇದೊಂದು ಎಚ್ಚರಿಕೆಯಿಂದಲೇ ಮುಂದಿನ ಕೆಲಸ ಸಾಧ್ಯವಾಯಿತು. ನಾಯಿಯನ್ನು ದೂರ ಇಡಲು ಇನ್ನೂ ಒಂದು ಕಾರಣವಿದೆ. ಕಂದು ಹಾಕಿಸುವ ನಿಯೋಸ್ಪೋರಾ ಎಂಬ ಪರೋಪಜೀವಿ ನಾಯಿಯ ಹೊಟ್ಟೆಯಲ್ಲಿ ಸುತ್ತು ಮುಗಿಸಿ, ಅದರ ಹೇಲಿನ ಮೂಲಕ ಮೇವಿಗೆ ಬರುತ್ತದೆ.

ಕೈ ಹಚ್ಚುವ ಮೊದಲು ಮನೆಯವರಿಗೆ ಗಟ್ಟಿಯಾಗಿ ಹೇಳಬೇಕಾದ ಮಾತು ಒಂದಿತ್ತು. ಕಾರಣ ವೈರಸ್ಸೇ ಇರಬಹುದು ಎಂದು ಮನಸ್ಸು ಹೇಳಿದರೂ, ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾ ಅಲ್ಲ ಎಂದು ಗೊತ್ತಾಗುವವರೆಗೆ ಅದು ಬ್ರುಸೆಲ್ಲಾ ಎಂದೇ ನಡೆದುಕೊಳ್ಳಬೇಕು. ಐಬಿಆರ್, ಬಿವಿಡಿ (ಗಬ್ಬ ಕೆಡಿಸುವ ದನಗಳ ಇನ್ನೊಂದು ಸೋಂಕು) ವೈರಸ್‌ಗಳು ಮನುಷ್ಯರಿಗೆ ಬರುವುದಿಲ್ಲ. ಬ್ರುಸೆಲ್ಲಾ ಬರುತ್ತದೆ, ಬಂದರೆ ತಿಂಗಳುಗಟ್ಟಲೆ ಜ್ವರ, ಕೀಲುನೋವು. ಆದ್ದರಿಂದ ಮೊಣಕೈವರೆಗಿನ ಕೈಗವಸು, ಮಾಸ್ಕ್, ಕಣ್ಣಿಗೆ ಕನ್ನಡಕ, ಗಂಬೂಟು. ಮನೆಯಲ್ಲಿ ಬಸುರಿ ಸೊಸೆ ಇದ್ದಳು, ಅವಳು ಕೊಟ್ಟಿಗೆಯ ಕಡೆ ಬರಬಾರದು ಎಂದೆವು. ಮಾಸು ಬೀಳದೆ ನೇತಾಡುತ್ತಿತ್ತು, ಬರಿಗೈಯಲ್ಲಿ ಎಳೆಯುವ ಹಳೆಯ ಅಭ್ಯಾಸವನ್ನು ತಡೆದೆವು. ಹಾಲನ್ನು ಕಾಯಿಸದೆ ಯಾರೂ ಕುಡಿಯಬಾರದು ಎಂದೂ ಹೇಳಿದೆವು. ಇಷ್ಟನ್ನೂ ಹೆದರಿಸದೆ ಹೇಳುವುದು ಕಷ್ಟ, ಆದರೆ ಹೇಳದೆ ಬಿಡುವಂತಿಲ್ಲ.

ಕರುವಿನ ವಯಸ್ಸನ್ನು ಅಳೆದು ಬರೆಯಬೇಕು, ಯಾವ ವೈರಸ್ ಮೇಲೆ ಅನುಮಾನ ಎನ್ನುವುದಕ್ಕೆ ಅದೇ ಮೊದಲ ಸುಳಿವು. ಗಬ್ಬಕ್ಕೆ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಿದ ತಾರೀಖು ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ನೆತ್ತಿಯಿಂದ ಬಾಲದ ಬುಡದವರೆಗೆ ಟೇಪಿನಿಂದ ಅಳೆಯಿರಿ. ತಿಂಗಳ ಸಂಖ್ಯೆಗೆ ಎರಡು ಕೂಡಿಸಿ, ಅದನ್ನು ಮತ್ತೆ ತಿಂಗಳಿಂದ ಗುಣಿಸಿದರೆ ಸುಮಾರಾಗಿ ಆ ಉದ್ದ ಸೆಂಟಿಮೀಟರ್‌ನಲ್ಲಿ ಬರುತ್ತದೆ: ಐದು ತಿಂಗಳಿಗೆ 35, ಆರಕ್ಕೆ 48, ಏಳಕ್ಕೆ 63. ಇಲ್ಲಿ ಟೇಪು 60ರ ಮೇಲೆ ನಿಂತಿತು, ಅಂದರೆ ಏಳು ತಿಂಗಳ ಹತ್ತಿರ. ಚರ್ಮದಡಿ ಕೆಂಪು ನೀರು, ಒಳಾಂಗಗಳು ಮೆತ್ತಗೆ. ಕರು ಹೊಟ್ಟೆಯೊಳಗೇ ಸತ್ತು ಒಂದೆರಡು ದಿನ ಇದ್ದು ಹೊರಬಂದಾಗ ಹೀಗೆ ಕಾಣುತ್ತದೆ. ಐಬಿಆರ್‌ನಲ್ಲಿ ಇದೇ ಸಾಮಾನ್ಯ, ಆದರೆ ಕಣ್ಣಿಗೆ ಕಾಣುವ ಈ ಲಕ್ಷಣದ ಮೇಲೆ ಯಾವ ರೋಗವನ್ನೂ ಹೆಸರಿಸಲಾಗದು.

ಕರುವನ್ನೂ ಮಾಸನ್ನೂ ಇಡಿಯಾಗಿ, ತಣ್ಣಗೆ, ಪ್ರಯೋಗಾಲಯಕ್ಕೆ ಮುಟ್ಟಿಸಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಹತ್ತಿರ ಇರುವವರು ಹಾಗೆಯೇ ಮಾಡಲಿ. ಘಟ್ಟದ ಅಂಚಿನ ಊರುಗಳಿಂದ ಅದು ಆಗದ ಮಾತು, ಅಲ್ಲೇ ಕೊಯ್ದು ತೆಗೆಯಬೇಕು. ಕ್ರಮ ಮುಖ್ಯ. ಹೊಟ್ಟೆ ಸೀಳಿದ ಕೂಡಲೇ, ಕರುಳಿಗೆ ಕತ್ತಿ ತಾಗುವ ಮೊದಲು, ಹೊಸ ಸಿರಿಂಜಿನಿಂದ ಜಠರದೊಳಗಿನ ದ್ರವ 2–3 ಮಿಲಿ ಎಳೆದುಕೊಳ್ಳಬೇಕು. ಬ್ರುಸೆಲ್ಲಾದಂಥ ಬ್ಯಾಕ್ಟೀರಿಯಾ ಬೆಳೆಸಲು ಅದು ಬೇಕು. ಆಮೇಲೆ ಎದೆಗೂಡಿನ ದ್ರವ ಇನ್ನೊಂದು ಸಿರಿಂಜಿಗೆ. ಹಸುವಿನ ಮಾಸು ತಾಯಿಯ ಪ್ರತಿಕಾಯವನ್ನು (ರೋಗಾಣುವಿನ ವಿರುದ್ಧ ಮೈ ತಯಾರಿಸುವ ಪ್ರೋಟೀನ್) ಕರುವಿಗೆ ದಾಟಿಸುವುದಿಲ್ಲ, ಅದಕ್ಕಾಗಿಯೇ ಗಿಣ್ಣು ಅಷ್ಟು ಮುಖ್ಯ. ಹಾಗಾಗಿ ಗಿಣ್ಣು ಕುಡಿಯದ ಕರುವಿನ ದ್ರವದಲ್ಲಿ ಒಂದು ವೈರಸ್ಸಿನ ವಿರುದ್ಧ ಪ್ರತಿಕಾಯ ಸಿಕ್ಕರೆ, ಆ ವೈರಸ್ ಗರ್ಭದೊಳಗೇ ಕರುವನ್ನು ಮುಟ್ಟಿತ್ತು ಎಂದೇ ಅರ್ಥ. ಇಷ್ಟು ಬೆಲೆಯ ಸ್ಯಾಂಪಲ್ ಅನ್ನು ಹೆಚ್ಚಿನವರು ತೆಗೆಯುವುದೇ ಇಲ್ಲ.

ನಂತರ ಪಿತ್ತಜನಕಾಂಗ, ಶ್ವಾಸಕೋಶ, ಮೂತ್ರಪಿಂಡ, ಗುಲ್ಮ, ಥೈಮಸ್, ಹೃದಯ, ಮಿದುಳು. ಮಾಸಿನಿಂದ ಎರಡು ಮೂರು ಗುಂಡಿಗಳು, ಅಂದರೆ ಗರ್ಭಕೋಶಕ್ಕೆ ಅಂಟಿಕೊಳ್ಳುವ ಕೆಂಪು ಬಿಲ್ಲೆಗಳು. ಬಹಳ ಜನ ಕರುವನ್ನು ಕಳಿಸಿ ಮಾಸನ್ನು ಬಿಡುತ್ತಾರೆ. ಕಾರಣ ಸಿಗುವ ಸಾಧ್ಯತೆ ಮಾಸಿನಲ್ಲೇ ಹೆಚ್ಚು. ಸಗಣಿ ಹತ್ತಿದ್ದರೆ ಶುದ್ಧ ಸಲೈನಿನಲ್ಲಿ ಮೆಲ್ಲಗೆ ತೊಳೆದು ತೆಗೆಯಿರಿ, ನಲ್ಲಿ ನೀರಿನಲ್ಲಿ ಉಜ್ಜಬೇಡಿ.

ಪ್ರತಿ ಅಂಗದಿಂದ ಎರಡು ತುಂಡು. ಒಂದು ವೈರಸ್ ಹುಡುಕಲು: ಶುದ್ಧ ಡಬ್ಬಿಯಲ್ಲಿ, ವೈರಸ್ ಸಾಗಣೆ ದ್ರವದಲ್ಲಿ ಅಥವಾ ಶೇ. 50 ಗ್ಲಿಸರಾಲ್ ಸಲೈನಿನಲ್ಲಿ, 4 ಡಿಗ್ರಿಯ ತಂಪಿನಲ್ಲಿ. ಇನ್ನೊಂದು ಸೂಕ್ಷ್ಮದರ್ಶಕದಲ್ಲಿ ನೋಡಲು: ಶೇ. 10ರ ಫಾರ್ಮಲಿನ್‌ನಲ್ಲಿ, ಅಂದರೆ ಅಂಗಡಿಯ ಫಾರ್ಮಲಿನ್ ಒಂದು ಪಾಲು, ನೀರು ಒಂಬತ್ತು ಪಾಲು. ತುಂಡು ಅರ್ಧ ಸೆಂಟಿಮೀಟರ್‌ಗಿಂತ ದಪ್ಪ ಇರಬಾರದು, ದ್ರವ ತುಂಡಿನ ಹತ್ತು ಪಟ್ಟು ಇರಬೇಕು. ದಪ್ಪ ತುಂಡಿನ ನಡುವಿಗೆ ಫಾರ್ಮಲಿನ್ ಇಳಿಯದೆ ಒಳಗೇ ಕೊಳೆಯುತ್ತದೆ. ಫಾರ್ಮಲಿನ್ ಡಬ್ಬಿಯನ್ನು ಫ್ರೀಜ್ ಮಾಡಬೇಡಿ. ಫಾರ್ಮಲಿನ್‌ನಲ್ಲಿ ಹಾಕಿದ್ದರಿಂದ ವೈರಸ್ ಬೆಳೆಸಲು ಆಗುವುದೇ ಇಲ್ಲ, ಪಿಸಿಆರ್ ಕೂಡ ಸರಿಯಾಗಿ ಬರುವುದಿಲ್ಲ. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿ ಕಳಿಸಿದರೆ ಅರ್ಧ ಪರೀಕ್ಷೆಗಳ ಬಾಗಿಲು ಅಲ್ಲಿಗೇ ಮುಚ್ಚಿತು. ತಾಯಿಯ ಯೋನಿಯ ಸ್ವ್ಯಾಬ್ ತೆಗೆಯಲು ಪ್ಲಾಸ್ಟಿಕ್ ಕಡ್ಡಿಯ ಪಾಲಿಯೆಸ್ಟರ್ ಸ್ವ್ಯಾಬ್ ಬೇಕು. ಮರದ ಕಡ್ಡಿಯಲ್ಲಿ ಇರುವ ಅಂಶಗಳು ಪಿಸಿಆರ್ ಅನ್ನು ಕೆಡಿಸಬಲ್ಲವು.

ಉಳಿದದ್ದನ್ನು ಹೂಳುವ ಜಾಗವೂ ಮಳೆಗಾಲದಲ್ಲಿ ಯೋಚಿಸಬೇಕಾದ ವಿಷಯ. ತಗ್ಗಿನಲ್ಲಿ ಗುಂಡಿ ತೋಡಿದರೆ ಎರಡಡಿಗೇ ನೀರು ಒಸರುತ್ತದೆ. ಬಾವಿಯಿಂದಲೂ ತೋಟದ ಬಸಿಗಾಲುವೆಯಿಂದಲೂ ದೂರ, ದಿಬ್ಬದ ಮೇಲೆ, ಆರಡಿ ಆಳ ತೋಡಿ ಸುಣ್ಣ ಹಾಕಿ ಮುಚ್ಚಿದೆವು. ಹಾಸಿದ್ದ ಸೊಪ್ಪನ್ನು ಸುಡಲು ಮಳೆ ಬಿಡಲಿಲ್ಲ, ಅದೂ ಅದೇ ಗುಂಡಿಗೆ ಹೋಯಿತು. ನೆಲವನ್ನು ಮೊದಲು ಸಗಣಿಯಿಲ್ಲದಂತೆ ತೊಳೆದು ಆಮೇಲೆ ಬ್ಲೀಚಿಂಗ್ ಪೌಡರ್ ಹಾಕಬೇಕು. ಸಗಣಿಯ ಮೇಲೆ ಸುರಿದ ಬ್ಲೀಚಿಂಗ್ ಸಗಣಿಯಲ್ಲೇ ಕಳೆದುಹೋಗುತ್ತದೆ.

ಪೆಟ್ಟಿಗೆ ಕಟ್ಟಿದ್ದು ಹೀಗೆ: ಡಬ್ಬಿಯ ಮುಚ್ಚಳಕ್ಕೆ ಟೇಪು, ಸುತ್ತ ಹತ್ತಿ, ಅದು ಜಿಪ್ ಚೀಲದಲ್ಲಿ, ಚೀಲ ಗಟ್ಟಿ ಪ್ಲಾಸ್ಟಿಕ್ ಡಬ್ಬದಲ್ಲಿ, ಡಬ್ಬ ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ಸುತ್ತ ಲಸಿಕೆಗೆ ಬಳಸುವ ಐಸ್‌ಪ್ಯಾಕ್. ಮೀನಿನ ಅಂಗಡಿಯ ಬಿಡಿ ಐಸ್ ಹಾಕಿದರೆ ಕರಗಿದ ನೀರು ಹೆಸರಿನ ಚೀಟಿಯನ್ನು ಅಳಿಸಿ, ಡಬ್ಬಿಯೊಳಗೂ ಇಳಿಯುತ್ತದೆ. ಕಾಗದಪತ್ರ ಬೇರೆ ಪ್ಲಾಸ್ಟಿಕ್ ಕವರಿನಲ್ಲಿ, ಪೆಟ್ಟಿಗೆಯ ಮುಚ್ಚಳದ ಒಳಗಡೆ.

ಇಷ್ಟೆಲ್ಲ ಮಾಡಿದ ಪೆಟ್ಟಿಗೆ ಬೆಂಗಳೂರಿಗೆ ಪಾರ್ಸೆಲ್ಲಿನಲ್ಲಿ ಹೋಗಿ ನಡುದಾರಿಯ ಗೋದಾಮಿನಲ್ಲಿ ಕೂತಿತು. ಗುರುವಾರ ಹೊರಟದ್ದು, ಶುಕ್ರವಾರ ಸಂಜೆ ಮೀರಿ, ಮರುದಿನ ಎರಡನೇ ಶನಿವಾರ, ಆಮೇಲೆ ಭಾನುವಾರ. ಸೋಮವಾರ ತೆರೆದಾಗ ಐಸ್‌ಪ್ಯಾಕ್ ಬೆಚ್ಚಗಾಗಿತ್ತು, ಅಂಗಾಂಶ ವಾಸನೆ ಬರುತ್ತಿತ್ತು. ಪಿಸಿಆರ್ ಹಾಕಿ ನೋಡಿದರೂ ಪರೀಕ್ಷೆ ಸರಿ ನಡೆದಿದೆ ಎಂದು ತೋರಿಸುವ ಒಳನಿಯಂತ್ರಣವೇ ಬೆಳಗಲಿಲ್ಲ. “ಪರೀಕ್ಷೆಗೆ ಯೋಗ್ಯವಲ್ಲ” ಎಂದು ಬಂತು. ಇದು ನೆಗೆಟಿವ್ ಅಲ್ಲ ಎನ್ನುವುದನ್ನು ಮನೆಯವರಿಗೆ ಬಿಡಿಸಿ ಹೇಳಬೇಕಾಯಿತು. ಆ ಹೊತ್ತಿಗೆ ಇನ್ನೂ ನಾಲ್ಕು ಹಸು ಗಬ್ಬವಿದ್ದವು. ದಿನಾ ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆಗೆಯಲು ಹೆದರಿಕೆ ಎಂದು ಯಜಮಾನರು ಹೇಳಿದಾಗ ಸಮಾಧಾನಕ್ಕೆ ಮಾತು ಸಿಗಲಿಲ್ಲ.

ಕಳಿಸುವ ವಾರ ನೋಡಿಕೊಳ್ಳಿ. ಸೋಮವಾರದಿಂದ ಬುಧವಾರದೊಳಗೆ ಹೊರಡಬೇಕು, ಪ್ರಯೋಗಾಲಯಕ್ಕೆ ಮೊದಲೇ ಫೋನ್ ಮಾಡಿರಬೇಕು. ವಾರದ ಕೊನೆಗೆ ಕಂದು ಹಾಕಿದರೆ ಮಾದರಿಯನ್ನು ಆಸ್ಪತ್ರೆಯ ಫ್ರಿಜ್‌ನಲ್ಲಿ ಇಡಿ, 4 ಡಿಗ್ರಿಯಲ್ಲಿ 48 ಗಂಟೆ ತಡೆಯುತ್ತದೆ. ಅದಕ್ಕೂ ಹೆಚ್ಚಾದರೆ, ಪಿಸಿಆರ್‌ಗೆ ಮೀಸಲಾದ ತುಂಡನ್ನಷ್ಟೇ ಫ್ರೀಜರ್‌ಗೆ ಹಾಕಬಹುದು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋದರೆ ಎರಡು ದಿನವೂ ಬಾರದು, ಕರಗಿ ಮತ್ತೆ ಹೆಪ್ಪುಗಟ್ಟುವುದು ಎಲ್ಲಕ್ಕಿಂತ ಕೆಟ್ಟದ್ದು. ಅದಕ್ಕೆ ಐಸ್‌ಪ್ಯಾಕ್‌ಗಳನ್ನು ಯಾವಾಗಲೂ ತುಂಬಿ ಗಟ್ಟಿಯಾಗಿಸಿ ಇಟ್ಟಿರಬೇಕು.

ಕಾಯುವ ಕಾಲದಲ್ಲಿ ಹತ್ತಿರದಲ್ಲೇ ಆಗುವ ಪರೀಕ್ಷೆಗಳನ್ನು ಮುಗಿಸಿದೆವು. ರಕ್ತಲೇಪದಲ್ಲಿ ಥೈಲೇರಿಯಾ, ಬಬೇಸಿಯಾ, ಅನಾಪ್ಲಾಸ್ಮಾ ಎಂಬ ಉಣುಗಿನ ರೋಗಾಣುಗಳನ್ನು ನೋಡುವುದು ಮಲೆನಾಡಿನಲ್ಲಿ ತಪ್ಪಿಸಲಾಗದ ಕೆಲಸ. ಉಣುಗು ತುಂಬಿದ ದನಕ್ಕೆ ಜ್ವರ ಏರಿ ಗಬ್ಬ ಹೋಗುವುದು ಇಲ್ಲಿ ಸಾಮಾನ್ಯ. ಇಲ್ಲಿ ಏನೂ ಕಾಣಲಿಲ್ಲ. ಬ್ರುಸೆಲ್ಲಾಗೆ ರೋಸ್ ಬೆಂಗಾಲ್ ಪರೀಕ್ಷೆ, ಮತ್ತೆ ಎಲಿಸಾ, ಎರಡೂ ನೆಗೆಟಿವ್. ಈ ಪರೀಕ್ಷೆ ಓದುವಾಗ ಕರುವಾಗಿದ್ದಾಗ ಎಸ್19 ಲಸಿಕೆ ಹಾಕಿಸಿದ್ದಾರೆಯೇ ಎಂದು ಕೇಳಲೇಬೇಕು. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಹಾಕುವ ಲಸಿಕೆ ಅದು. ತಡವಾಗಿ ಹಾಕಿಸಿದ್ದರೆ ಪ್ರತಿಕಾಯ ಉಳಿದು ಸುಳ್ಳು ಪಾಸಿಟಿವ್ ಬರಬಹುದು. ಲೆಪ್ಟೋಸ್ಪೈರಾ ಎಂಬ ಬ್ಯಾಕ್ಟೀರಿಯಾಗೆ ಕಡಿಮೆ ಮಟ್ಟದ ಪ್ರತಿಕಾಯ ಕಂಡಿತು. ಗದ್ದೆಬಯಲಿನ ನೀರು ಕುಡಿಯುವ ದನಗಳಲ್ಲಿ ಅದು ಇರುವುದೇ, ಅಷ್ಟರಿಂದ ಏನನ್ನೂ ಹೇಳಲಾಗದು.

ವೈರಸ್ ಎಂದಾಗ ಯಾವುದನ್ನು ಹುಡುಕಬೇಕು? ಚರ್ಮಗಂಟು ಮತ್ತು ಕಾಲುಬಾಯಿ ಜ್ವರದಲ್ಲಿ ಗಬ್ಬ ಹೋಗುವುದುಂಟು, ಆದರೆ ಮೈಮೇಲಿನ ಗಂಟು, ಬಾಯಿಯ ಹುಣ್ಣು ಮೊದಲೇ ಹೇಳಿರುತ್ತವೆ. ನೀಲಿನಾಲಿಗೆ ಮತ್ತು ಅಕಬಾನೆ ವೈರಸ್‌ಗಳನ್ನು ತರುವುದು ಕಚ್ಚುವ ನುಸಿ. ಮಳೆಗಾಲದ ಕೊಟ್ಟಿಗೆಗಳಲ್ಲಿ ಅದಕ್ಕೇನು ಕೊರತೆ? ಕರುವಿನ ಕಾಲು ಸೆಟೆದಿದ್ದರೆ, ತಲೆಬುರುಡೆಯಲ್ಲಿ ಮಿದುಳಿನ ಜಾಗದಲ್ಲಿ ನೀರಿದ್ದರೆ ಅವುಗಳ ನೆನಪು ಬರಬೇಕು. ಬುರುಡೆ ಒಡೆಯದೆ ಇದು ತಿಳಿಯದು. ಬಿವಿಡಿ ಬೇರೆಯದೇ ಜಾತಿ. ಗಬ್ಬದ ಮೊದಲ ನಾಲ್ಕು ತಿಂಗಳೊಳಗೆ ತಗುಲಿದರೆ ಕರು ವೈರಸ್ಸನ್ನು ತನ್ನದೇ ಎಂದು ಒಪ್ಪಿಕೊಂಡು, ಬದುಕಿರುವಷ್ಟು ದಿನ ಅದನ್ನು ಹರಡುತ್ತಲೇ ಇರುತ್ತದೆ. ನಾಲ್ಕೈದು ತಿಂಗಳ ಹೊತ್ತಿಗೆ ತಗುಲಿದರೆ ಕಣ್ಣು, ಕಿರುಮಿದುಳು ಕೆಡುತ್ತವೆ. ಗಬ್ಬ ಹೋಗುವುದು ಯಾವ ಹಂತದಲ್ಲೂ ಆಗಬಹುದು, ಮೊದಲ ತಿಂಗಳುಗಳಲ್ಲಿ ಹೋದರೆ ಯಾರ ಕಣ್ಣಿಗೂ ಬೀಳದೆ “ಹಸು ಮತ್ತೆ ಬೆದೆಗೆ ಬಂತು” ಎಂದಷ್ಟೇ ಕಾಣುತ್ತದೆ. ಐಬಿಆರ್‌ನಲ್ಲಿ ಹೋಗುವುದು ಹೆಚ್ಚಾಗಿ ನಾಲ್ಕರಿಂದ ಎಂಟು ತಿಂಗಳ ನಡುವೆ, ಅದೂ ತಾಯಿಗೆ ಸೋಂಕು ತಗುಲಿ ಕೆಲವು ವಾರಗಳಿಂದ ಮೂರು ತಿಂಗಳಷ್ಟು ಕಾಲ ಕಳೆದ ಮೇಲೆ.

ಈ ಅಂತರವೇ ದಾರಿ ತಪ್ಪಿಸುವುದು. ಫಾರ್ಮ್ ತುಂಬುವಾಗ “ಇತ್ತೀಚೆಗೆ ಹೊಸ ದನ ಬಂದಿವೆಯೇ” ಎಂಬ ಸಾಲಿಗೆ ಮನೆಯವರು ಇಲ್ಲ ಎಂದಿದ್ದರು. ಇತ್ತೀಚೆಗೆ ಅಂದರೆ ಅವರಿಗೆ ಈ ತಿಂಗಳು. ಬೇಸಿಗೆಯಲ್ಲಿ ಏನಾದರೂ ಕೊಂಡಿರಾ ಎಂದು ಕೇಳಿದಾಗ ಹೊರಗಿನಿಂದ ಎರಡು ಕಡಸು ತಂದಿದ್ದು ನೆನಪಾಯಿತು. ಅವುಗಳ ಕಣ್ಣಿನಲ್ಲಿ ನೀರು, ಮೂಗಿನಲ್ಲಿ ಸಿಂಬಳ ಇತ್ತು. ಕೆಲವು ದಿನಕ್ಕೆ ಬೇರೆ ಹಸುಗಳೂ ಕೆಮ್ಮಿ, ಹಾಲು ಸ್ವಲ್ಪ ಇಳಿದು, ತಾನೇ ಸರಿಯಾಗಿತ್ತು. ಲಾರಿಯ ಪ್ರಯಾಣ, ಹೊಸ ಮೇವಿನ ತೊಂದರೆ ಎಂದುಕೊಂಡಿದ್ದರು. ಆದ್ದರಿಂದ ಕೇಳುವಾಗ “ಕಳೆದ ಆರು ತಿಂಗಳಲ್ಲಿ” ಎಂದೇ ಕೇಳಿ. ಇಂಜೆಕ್ಷನ್ ಕೊಡಿಸಿದ ತಾರೀಖು, ವೀರ್ಯಕಡ್ಡಿಯ ಮೇಲಿನ ಸಂಖ್ಯೆ, ಹಾಕಿಸಿದ ಲಸಿಕೆಗಳು, ಹಿಂಡಿನಲ್ಲಿ ಎಷ್ಟು ಗಬ್ಬ ಎಷ್ಟು ಹೋಯಿತು, ಇತ್ತೀಚೆಗೆ ಕೊಟ್ಟ ಔಷಧಿ, ಇವೆಲ್ಲ ಫಾರ್ಮಿನಲ್ಲಿ ಬರಲಿ. ಡೆಕ್ಸಾಮೆಥಾಸೋನ್ ಕೊಟ್ಟಿದ್ದರೆ ಮುಚ್ಚಿಡಬೇಡಿ. ಗಬ್ಬದ ಕೊನೆಯ ತಿಂಗಳುಗಳಲ್ಲಿ ಅದೊಂದೇ ಕಂದು ಹಾಕಿಸಲು ಸಾಕು, ನರಗಂಟುಗಳಲ್ಲಿ ಅಡಗಿ ಕೂತ ಐಬಿಆರ್ ವೈರಸ್ಸನ್ನು ಎಬ್ಬಿಸಲೂ ಸಾಕು.

ಪ್ರತಿಕಾಯದ ಎಲಿಸಾ ಫಲಿತಾಂಶ ಬಂದಾಗ ಕಂದು ಹಾಕಿದ ಎರಡೂ ಹಸು ಐಬಿಆರ್ ಪಾಸಿಟಿವ್. ಎಲ್ಲರಿಗೂ ಉತ್ತರ ಸಿಕ್ಕಿತು ಎನಿಸಿತು. ಸಿಕ್ಕಿರಲಿಲ್ಲ. ಐಬಿಆರ್ ಪ್ರತಿಕಾಯ ಇರುವ ಹಸುಗಳು ನಮ್ಮ ರಾಜ್ಯದ ಎಲ್ಲ ಕಡೆ ಇವೆ, ಒಮ್ಮೆ ಸೋಂಕು ತಗುಲಿದರೆ ಬಾಳಿನುದ್ದಕ್ಕೂ ಪ್ರತಿಕಾಯ ಉಳಿಯುತ್ತದೆ. ನಾಲ್ಕು ವರ್ಷದ ಹಿಂದೆ ತಗುಲಿದ್ದಕ್ಕೂ ಪಾಸಿಟಿವ್, ನಾಲ್ಕು ವಾರದ ಹಿಂದಿನದಕ್ಕೂ ಪಾಸಿಟಿವ್. ಸಾಮಾನ್ಯವಾಗಿ ಇದನ್ನು ಬಿಡಿಸಲು ಮೂರು ವಾರ ಬಿಟ್ಟು ಎರಡನೇ ಸೀರಂ ತೆಗೆದು, ಎರಡನ್ನೂ ಒಂದೇ ದಿನ ಪರೀಕ್ಷಿಸಿ, ಪ್ರತಿಕಾಯ ನಾಲ್ಕು ಪಟ್ಟು ಏರಿದೆಯೇ ಎಂದು ನೋಡುತ್ತಾರೆ. ಐಬಿಆರ್‌ನಲ್ಲಿ ಅದೂ ಕೈಕೊಡುತ್ತದೆ. ಹಸು ಕಂದು ಹಾಕುವ ದಿನಕ್ಕೆ ಪ್ರತಿಕಾಯ ಆಗಲೇ ತುದಿ ಮುಟ್ಟಿರುತ್ತದೆ, ಇನ್ನು ಏರಲು ಏನೂ ಇರುವುದಿಲ್ಲ.

ಇಂಥಲ್ಲಿ ಉಪಯೋಗಕ್ಕೆ ಬರುವುದು ಕಂದು ಹಾಕದ ದನಗಳ ರಕ್ತ. ಮನೆಯಲ್ಲೇ ಹುಟ್ಟಿ ಬೆಳೆದ ಕಡಸುಗಳು, ಬೆಟ್ಟಕ್ಕೆ ಹೋಗುವ ಗಿಡ್ಡಗಳು, ಕೊಂಡು ತಂದ ಎರಡು ಕಡಸು, ಎಲ್ಲದರ ಸೀರಂ ಎರಡು ಸಲ ತೆಗೆದು ಒಂದೇ ಎಲಿಸಾ ತಟ್ಟೆಯಲ್ಲಿ ಪರೀಕ್ಷೆಗೆ ಕೊಟ್ಟೆವು. ಮೊದಲ ಸಲ ನೆಗೆಟಿವ್ ಇದ್ದ ಮನೆಯ ಕಡಸುಗಳಲ್ಲಿ ಎರಡು ಮುಂದಿನ ಸಲಕ್ಕೆ ಪಾಸಿಟಿವ್ ಆದವು. ಅಂದರೆ ವೈರಸ್ ಹಳೆಯ ಕಥೆಯಲ್ಲ, ಈಗಲೇ ಕೊಟ್ಟಿಗೆಯಲ್ಲಿ ಓಡಾಡುತ್ತಿದೆ. ಸರ್ಕಾರದ ಲಸಿಕೆ ಕಾರ್ಯಕ್ರಮದಲ್ಲಿ ಐಬಿಆರ್ ಇಲ್ಲ, ಈ ಮನೆಯವರು ಹೊರಗಿನಿಂದಲೂ ಹಾಕಿಸಿರಲಿಲ್ಲ. ಹಾಗಾಗಿ ಲಸಿಕೆಯಿಂದ ಬಂದ ಪ್ರತಿಕಾಯ ಎಂಬ ಅನುಮಾನಕ್ಕೆ ಜಾಗವಿರಲಿಲ್ಲ.

ಮೂರನೇ ಹಸು, ಐದೂವರೆ ತಿಂಗಳ ಜರ್ಸಿ, ಈ ನಡುವೆ ಕಂದು ಹಾಕಿತು. ಮನೆಯವರ ದುಃಖ ಹೇಳತೀರದು. ಆದರೆ ಈ ಸಲ ಎಲ್ಲವೂ ಸಿದ್ಧವಿತ್ತು. ಕರು ಬಿದ್ದು ಮೂರು ಗಂಟೆಯೊಳಗೆ ತುಂಡುಗಳು ತಂಪಿನಲ್ಲಿದ್ದವು. ಪಾರ್ಸೆಲ್ಲಿಗೆ ಕೊಡದೆ ಮನೆಯ ಮಗನೇ ಶಿವಮೊಗ್ಗದಿಂದ ರಾತ್ರಿ ರೈಲಿನಲ್ಲಿ ಪೆಟ್ಟಿಗೆ ಹಿಡಿದು ಹೊರಟ, ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಬೆಂಗಳೂರಿನಲ್ಲಿದ್ದ. ನಮ್ಮ ಕಡೆಯವರಿಗೆ ಇರುವ ದಾರಿಗಳು ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ, ಯಲಹಂಕದ ನಿವೇದಿ (ಪಶುರೋಗ ಅಧ್ಯಯನದ ರಾಷ್ಟ್ರೀಯ ಸಂಸ್ಥೆ), ಮತ್ತೆ ನಮ್ಮದೇ ಶಿವಮೊಗ್ಗದ ಕಾಲೇಜು. ಯಾವ ಪರೀಕ್ಷೆಗೆ ಆ ವಾರ ಕಿಟ್ ಇದೆ ಎಂದು ಕೇಳಿಕೊಂಡೇ ಹೊರಡಿ. ಎಲಿಸಾ ತಟ್ಟೆ ತುಂಬುವಷ್ಟು ಸೀರಂ ಸೇರುವವರೆಗೆ ಕಾಯುವುದೂ ಇದೆ. ಪಶುವೈದ್ಯರ ಸಹಿ ಇರುವ ಪತ್ರ ಬೇಕು. ಅದರಲ್ಲಿ “ಎಲ್ಲ ಪರೀಕ್ಷೆ ಮಾಡಿ” ಎಂದು ಬರೆಯದೆ, ಅನುಮಾನ ಯಾವುದು, ಯಾವ ಡಬ್ಬಿಯಲ್ಲಿ ಏನಿದೆ ಎಂದು ಬಿಡಿಸಿ ಬರೆಯಿರಿ.

ಪಿಸಿಆರ್‌ನಲ್ಲಿ ಮಾಸಿನ ಗುಂಡಿ, ಪಿತ್ತಜನಕಾಂಗ, ಮೂತ್ರಪಿಂಡ ಮೂರರಲ್ಲೂ ಐಬಿಆರ್ ವೈರಸ್ ಸಿಕ್ಕಿತು. ವರದಿಯಲ್ಲಿ ಸಿಟಿ ಎಂಬ ಅಂಕಿ ಇರುತ್ತದೆ, ಅದು ಕಡಿಮೆಯಿದ್ದಷ್ಟೂ ವೈರಸ್ ಹೆಚ್ಚು. 35 ದಾಟಿದ್ದರೆ ಮತ್ತೊಮ್ಮೆ ಮಾಡಿಸದೆ ನಂಬಬಾರದು. ಮಾಸಿನಲ್ಲಿ ಮಾತ್ರ ಸಿಕ್ಕಿದ್ದರೆ ಇನ್ನೂ ಅನುಮಾನ ಉಳಿಯುತ್ತಿತ್ತು, ಏಕೆಂದರೆ ತಾಯಿಯಲ್ಲಿ ಅಡಗಿದ್ದ ವೈರಸ್ ಆ ದಿನಗಳ ಒತ್ತಡಕ್ಕೆ ಎದ್ದು ಅಲ್ಲಿಗೆ ಬಂದಿರಬಹುದು. ಕರುವಿನ ಒಳಾಂಗದಲ್ಲೇ ಸಿಕ್ಕಿದ್ದರಿಂದ ಮಾತು ಗಟ್ಟಿಯಾಯಿತು. ಫಾರ್ಮಲಿನ್ ತುಂಡುಗಳ ವರದಿ ಅದಕ್ಕಿಂತ ತಡವಾಗಿ ಬಂತು: ಪಿತ್ತಜನಕಾಂಗದಲ್ಲಿ ಅಲ್ಲಲ್ಲಿ ಸಣ್ಣ ಸಣ್ಣ ಸತ್ತ ಚುಕ್ಕೆಗಳು, ಸುತ್ತ ಉರಿಯೂತ ಹೆಚ್ಚಿಲ್ಲ. ಐಬಿಆರ್‌ನದೇ ಗುರುತು ಅದು. ಬ್ಯಾಕ್ಟೀರಿಯಾ ಏನೂ ಬೆಳೆಯಲಿಲ್ಲ. ವೈರಸ್ ಕರುವಿನಲ್ಲಿ ಇದೆ, ಅದು ಮಾಡಿದ ಗಾಯವೂ ಇದೆ, ಹಿಂಡಿನಲ್ಲಿ ಹರಡುತ್ತಿದೆ, ಬೇರೆ ಕಾರಣ ಸಿಕ್ಕಿಲ್ಲ. ಈ ನಾಲ್ಕೂ ಕೂಡಿದ ಮೇಲೆಯೇ ಮನೆಯವರಿಗೆ “ಇದು ಐಬಿಆರ್” ಎಂದು ಹೇಳಿದ್ದು. ಇಷ್ಟೆಲ್ಲ ಮಾಡಿದರೂ ಕಾರಣ ಸಿಗದೆ ಹೋಗಬಹುದು ಎಂದು ಮೊದಲೇ ಹೇಳಿದ್ದೆವು. ಒಳ್ಳೆಯ ಪ್ರಯೋಗಾಲಯಗಳಲ್ಲೂ ಅರ್ಧಕ್ಕರ್ಧ ಪ್ರಕರಣಗಳಿಗೆ ಉತ್ತರ ಸಿಗುವುದಿಲ್ಲ.

ಖರ್ಚಿನಲ್ಲಿ ದೊಡ್ಡ ಪಾಲು ಪರೀಕ್ಷೆಯದ್ದಲ್ಲ. ಥರ್ಮಾಕೋಲ್ ಪೆಟ್ಟಿಗೆ, ಕೊಳವೆ, ಕೈಗವಸು ಎಲ್ಲ ಸೇರಿ ಕೆಲವು ನೂರು ರೂಪಾಯಿ, ಓಡಾಟ, ಕೆಲಸ ಬಿಟ್ಟ ದಿನಗಳು. ನಿಜವಾದ ನಷ್ಟ ಮೂರು ಕರು, ಮೂರು ಸೂಲಿನ ಹಾಲು.

ಬಿವಿಡಿ ಇಲ್ಲವೆಂದು ಖಚಿತಪಡಿಸಿಕೊಳ್ಳದೆ ಬಿಡಲಿಲ್ಲ, ಎರಡೂ ಒಟ್ಟಿಗೆ ಇರುವುದುಂಟು. ಎಲ್ಲ ದನಗಳ ಕಿವಿಯಂಚಿನಿಂದ ಸಣ್ಣ ಚೂರು ಕತ್ತರಿಸಿ, ಪ್ರತಿಕಾಯವನ್ನಲ್ಲ ವೈರಸ್ಸಿನ ಅಂಶವನ್ನೇ ಹುಡುಕುವ ಆ್ಯಂಟಿಜೆನ್ ಎಲಿಸಾಗೆ ಕೊಟ್ಟೆವು. ಒಂದು ದನದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿ ತೊಳೆಯದಿದ್ದರೆ ಒಂದರ ವೈರಸ್ ಇನ್ನೊಂದರ ಹೆಸರಿಗೆ ಬರುತ್ತದೆ. ಎಲ್ಲ ನೆಗೆಟಿವ್. ಪಾಸಿಟಿವ್ ಬಂದಿದ್ದರೆ ಮೂರರಿಂದ ನಾಲ್ಕು ವಾರ ಬಿಟ್ಟು ಮತ್ತೆ ನೋಡಬೇಕಿತ್ತು. ಆಗಲೂ ಪಾಸಿಟಿವ್ ಆದರೆ ಅದು ಹುಟ್ಟಿನಿಂದಲೇ ವೈರಸ್ ಹೊತ್ತ ದನ, ಹಿಂಡಿನಲ್ಲಿ ಇಟ್ಟುಕೊಳ್ಳುವಂತಿಲ್ಲ.

ಐಬಿಆರ್‌ಗೆ ಔಷಧಿಯಿಲ್ಲ. ಪಾಸಿಟಿವ್ ಹಸುಗಳನ್ನು ಮಾರಿದರೆ ರೋಗವನ್ನು ಇನ್ನೊಂದು ಮನೆಗೆ ದಾಟಿಸಿದಂತೆ, ಅದನ್ನು ಮಾಡಬೇಡಿ ಎಂದು ಕೈಮುಗಿದು ಕೇಳಿದೆವು, ಅವರು ಒಪ್ಪಿದರು. ಒಮ್ಮೆ ಇದರಿಂದ ಕಂದು ಹಾಕಿದ ಹಸು ಮತ್ತೆ ಇದರಿಂದಲೇ ಹಾಕುವುದು ಅಪರೂಪ, ಸರಿಯಾಗಿ ಬೆದೆಗೆ ಬಂದ ಮೇಲೆ ಗಬ್ಬ ಕಟ್ಟಿಸಬಹುದು. ಊರ ಹೋರಿಗೆ ಬಿಡುವುದು ಬೇಡ. ಹೋರಿಗಳನ್ನು ಐಬಿಆರ್‌ಗೆ ಪರೀಕ್ಷಿಸುವ ಪ್ರಮಾಣಿತ ಕೇಂದ್ರದ ವೀರ್ಯವೇ ಆಗಲಿ. ನೆಗೆಟಿವ್ ಇರುವ ಕಡಸುಗಳನ್ನು ಬೇರೆ ಮಾಡಿನಲ್ಲಿ ಕಟ್ಟಿ, ಅವುಗಳ ಕೆಲಸ ಮೊದಲು ಮುಗಿಸಿ ಆಮೇಲೆ ಪಾಸಿಟಿವ್ ಹಸುಗಳ ಕಡೆ ಬರಬೇಕು. ಲಸಿಕೆ ಹಾಕಿಸುವ ಯೋಚನೆ ಇದ್ದರೆ ಗುರುತುಳ್ಳ ಲಸಿಕೆಯೇ ಆಗಬೇಕು, ಅದರಲ್ಲಿ ಜಿಇ ಎಂಬ ಪ್ರೋಟೀನ್ ತೆಗೆದಿರುತ್ತಾರೆ. ಇಲ್ಲದಿದ್ದರೆ ಮುಂದೆ ಲಸಿಕೆಯ ಪ್ರತಿಕಾಯ ಯಾವುದು, ರೋಗದ್ದು ಯಾವುದು ಎಂದು ಯಾರಿಂದಲೂ ಬೇರ್ಪಡಿಸಲಾಗದು. ಹೊಸ ದನ ತಂದರೆ ನಾಲ್ಕು ವಾರ ಬೇರೆ ಕಟ್ಟಿ, ಬಂದ ದಿನ ಒಮ್ಮೆ, ವಾರಗಳು ಕಳೆದ ಮೇಲೆ ಇನ್ನೊಮ್ಮೆ ಸೀರಂ ನೋಡಿಸಿ.

ಆ ಕೊಟ್ಟಿಗೆಯಲ್ಲಿ ಉಳಿದ ಗಬ್ಬದ ಹಸುಗಳು ಇನ್ನು ಸ್ವಲ್ಪ ದಿನದಲ್ಲಿ ಕರು ಹಾಕಬೇಕು. ಹುಟ್ಟಿದ ಕರುವಿಗೆ ಗಿಣ್ಣು ಕುಡಿಸುವ ಮೊದಲು ರಕ್ತ ತೆಗೆಯಲು ಬೇಕಾದ ಎರಡು ಬಗೆಯ ಕೊಳವೆಗಳನ್ನೂ ಮನೆಯವರ ಹತ್ತಿರವೇ ಇಟ್ಟಿದ್ದೇವೆ. ಕರು ಎದ್ದ ಕೂಡಲೇ ಫೋನ್ ಮಾಡಿದರೆ ಬಂದು ತೆಗೆಯುತ್ತೇವೆ. ತಲುಪಲು ಒಂದು ಗಂಟೆಗಿಂತ ತಡವಾಗುವಂತಿದ್ದರೆ ಕಾಯದೆ ಗಿಣ್ಣು ಕುಡಿಸಿಬಿಡಿ, ಕರುವಿಗೆ ಅದು ರಕ್ತಪರೀಕ್ಷೆಗಿಂತ ಮುಖ್ಯ ಎಂದು ಹೇಳಿದ್ದೇವೆ.